ತಗಡಿನ ಕೌದಿ

ಚಂದ್ರಭಾಗಾಬಾಯಿ ಮುಸ್ತಕೀಮನನ್ನು ಮೊದಲು ಕಂಡದ್ದು ಭಾತಂಬ್ರಾದ ತನ್ನ ಮನೆ ಹಿಂದಿನ ತಿಪ್ಪೆಯ ಮೇಲೆ; ತುಕ್ಕು ಹಿಡಿದ ಎಣ್ಣೆ ಡಬ್ಬಿಯೊಂದನ್ನು ಎದೆಗೆ ಅವುಚಿಕೊಂಡು ನಿಂತಿದ್ದ. "ಒಗೀಬ್ಯಾಡ್ರಿ ಆಯಿ, ನನಗ ಕೊಡ್ರಿ" ಎಂಬುದೇ ಅವನ ಸಲಾಮು. ಬೀದರಿನ ಈ ಶಿಲ್ಪಿಗೆ ಕಲ್ಲು ಬೇಡ, ಹಾಳು ತಗಡು ಸಾಕು. ದಾರಿಯಲ್ಲಿ ನಟ್ಟೊಂದು ಕಂಡರೆ ಗಾಡಿ ನಿಲ್ಲಿಸುತ್ತಾನೆ. ನಿಕಾಹದ ದಿನವೂ ಅವನ ಜೇಬಿನಲ್ಲಿ ಸೈಕಲ್ ಚೈನು ಇತ್ತೆಂದು ಹೆಂಡತಿ ಮುಸರ್ರತ ಆಣೆ ಮಾಡಿ ಹೇಳುತ್ತಾಳೆ. ಡಬ್ಬಿಗಳನ್ನು ಕತ್ತರಿಸಿ, ಹಳೆ ಬಟ್ಟೆಯ ತುಂಡುಗಳಂತೆ ಜೋಡಿಸಿ, ತಂತಿಯಿಂದ ಕೌದಿ ಹೊಲಿಯುವ ಹುಚ್ಚು ಹತ್ತಿದ ಮೇಲೆ ಎರಡು ವರ್ಷ, ಕೌದಿ ಹೊಲಿಯುವುದರಲ್ಲಿ ಪಳಗಿದ ಚಂದ್ರಭಾಗಾಬಾಯಿಯ ಪಡಸಾಲೆಯಲ್ಲೇ ಕೂತು ಹೊಲಿಗೆ ಕಲಿತ. "ಹೊಲಿಗಿ ಅಕ್ಕಿಕಾಳಿನಷ್ಟ ಇರಬೇಕು, ಬಿಚ್ಚೋ ಮಗನ" ಎಂದು ಆಕೆ ಅಂದರೆ, ಬೆರಳಿನ ರಕ್ತ ಒರೆಸಿಕೊಂಡು "ಬಿಚ್ಚಿದೆನ್ರಿ" ಎನ್ನುತ್ತಿದ್ದ. ಬೀದರಿನ ಪ್ರದರ್ಶನದಲ್ಲಿ ಗೋಡೆ ತುಂಬ ಮಿನುಗುವ ಆ ಕೌದಿಯನ್ನು ಮಂದಿ ಹೊಗಳುತ್ತಿದ್ದರೆ ಆಕೆಯ ಜೀವ ಚುರ್ರೆಂದಿತು. ಕಡೆಯ ಮೂಲೆ ಮುಚ್ಚುವ ಮೊದಲು ಒಳಗೆ ರೊಟ್ಟಿ ಚೂರು ಇಟ್ಟು ಕೌದಿಯ ಹೊಟ್ಟೆ ತುಂಬಿಸಬೇಕು, ಇಲ್ಲವಾದರೆ ಅದು ಹಸಿದೇ ಉಳಿಯುತ್ತದೆ ಎಂಬುದು ಕೌದಿ ಹೊಲಿಯುವವರ ನಂಬಿಕೆ. ಇದೊಂದನ್ನು ಹೇಳಿಕೊಡಲು ತಾನೇ ಮರೆತಿದ್ದಳು. ಓಡಿ ಹೋಗಿ ಮುಟ್ಟಿ ನೋಡಿದಳು. ಕೆಳಗಿನ ಮೂಲೆ ತೆರೆದೇ ಇತ್ತು. ಆ ಎರಡು ವರ್ಷ ಅವನು ಬರೀ ಹೊಲಿಗೆಯನ್ನಷ್ಟೇ ನೋಡಿರಲಿಲ್ಲ, ಆಕೆ ಕೌದಿಗೆ ರೊಟ್ಟಿ ಉಣಿಸುವುದನ್ನೂ ನೋಡಿದ್ದ. ಜೇಬಿನಿಂದ ಕಾಗದದ ಪೊಟ್ಟಣ ಬಿಚ್ಚುತ್ತ ಮುಸ್ತಕೀಮ ಕೇಳಿದ: "ನಮ್ಮ ಮನಿ ರೊಟ್ಟಿ ಅದರಿ ಆಯಿ, ನಿಮ್ಮ ಕೈಲೆ ಉಣಸ್ತೀರೇನ್ರಿ?"