ಹಟ್ಟಿಕೇರಿ ಗೋಡೆಯ ಡಾಟ್ ಕಾಮ್

ಬೋರ್ಡು ಬರೆಯುವುದು ನನ್ನ ಕಸುಬು. ಮನೆ ಕದ್ವಾಡದಲ್ಲಿ, ಕೆಲಸ ಕಾರವಾರದಿಂದ ಅಂಕೋಲೆಯವರೆಗೆ ಎಲ್ಲಿ ಕರೆದರೆ ಅಲ್ಲಿ. ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರು ನನ್ನನ್ನು ಮರೆತರು. ಗೋಡೆ ಬರಹ ಮಾತ್ರ ಕೈಯಲ್ಲಿ ಉಳಿಯಿತು, ಮಳೆಗಾಲದ ಗಾಳಿಗೆ ಗೋಡೆ ಹರಿಯುವುದಿಲ್ಲವಲ್ಲ.

ಎರಡು ವರ್ಷದ ಹಿಂದೆ, ಮೇ ತಿಂಗಳಲ್ಲಿ, ಅಂಕೋಲೆಯ ಪವರ್ ಟಿಲ್ಲರ್ ಶೋರೂಮಿನವರು ಹಟ್ಟಿಕೇರಿಯ ರಸ್ತೆ ಬದಿಯ ಗೋಡೆಯೊಂದರ ಕೆಲಸ ಕೊಟ್ಟರು. ಮ್ಯಾನೇಜರ್ ಬೊಬ್ರುವಾಡದವಳು, ನನ್ನ ಮಗಳ ವಯಸ್ಸು. ಬರೆಯಬೇಕಾದ್ದನ್ನೆಲ್ಲ ಅವಳೇ ಕಾಗದದಲ್ಲಿ ಬರೆದುಕೊಟ್ಟಳು. ಕೊನೆಯ ಸಾಲಿನಲ್ಲಿ ಇಂಟರ್ನೆಟ್ ವಿಳಾಸ: ಇಂಗ್ಲಿಷ್ ಅಕ್ಷರದಲ್ಲಿ ಅಂಕೋಲಾ, ಒಂದು ಚುಕ್ಕಿ, ಆಮೇಲೆ ಕಂಪನಿಯ ಹೆಸರು. ಅಷ್ಟೇ.

ನಾನು ಅದುವರೆಗೆ ಬರೆದ ವಿಳಾಸಗಳೆಲ್ಲ ಡಾಟ್ ಕಾಮ್ ಇಲ್ಲವೇ ಡಾಟ್ ಇನ್ ಎಂದು ಮುಗಿಯುತ್ತಿದ್ದವು. ಪಾಪ, ಗಡಿಬಿಡಿಯಲ್ಲಿ ಬಿಟ್ಟಿದ್ದಾಳೆ ಅಂದುಕೊಂಡೆ. ಫೋನ್ ಮಾಡಿ ಕೇಳಬಹುದಿತ್ತು, ಕೇಳಲಿಲ್ಲ. ಕೊನೆಯಲ್ಲಿ ಡಾಟ್ ಕಾಮ್ ಸೇರಿಸಿ, ದೂರ ನಿಂತು ನೋಡಿ, ಅವಳ ತಪ್ಪು ತಿದ್ದಿದೆನೆಂಬ ಸಮಾಧಾನದಲ್ಲಿ ಮನೆಗೆ ಬಂದೆ.

ಮೊದಲ ಮಳೆ ಬಿದ್ದ ವಾರ ಶೋರೂಮಿಗೆ ಬರಲು ಹೇಳಿದರು. ಹೋದರೆ ಮ್ಯಾನೇಜರ್ ಎದುರು ಒಬ್ಬ ಹೆಂಗಸು ಕೂತಿದ್ದರು, ಹಟ್ಟಿಕೇರಿಯ ರೈತರು. ಉಳುಮೆಯ ನಡುವೆ ಅವರ ಟಿಲ್ಲರ್ ಕೆಟ್ಟು ಗದ್ದೆಯಲ್ಲೇ ನಿಂತಿತ್ತಂತೆ. ಗೋಡೆಯ ಮುಂದೆ ನಿಂತು ಒಂದೊಂದೇ ಅಕ್ಷರ ನೋಡಿ ಮೊಬೈಲಿನಲ್ಲಿ ಒತ್ತಿದ್ದರು. ಏನೂ ತೆರೆದುಕೊಂಡಿರಲಿಲ್ಲ. ಬಸ್ ಹತ್ತಿ ಬಂದು, ರಿಪೇರಿಗೆ ಹೇಳಿ, ಜೊತೆಗೆ ಗೋಡೆಯ ವಿಷಯವನ್ನೂ ಹೇಳಿದ್ದರು.

"ನನ್ನ ಕೆಲಸ ಆಯ್ತು ಅಣ್ಣ," ಅಂದರು ನನಗೆ. "ಆದ್ರೆ ಮತ್ತೊಬ್ರು ಅದನ್ನೇ ನೋಡಿ ಒತ್ತೂದು ಬೇಡ ಅಂತ ಹೇಳ್ದೆ."

ಡಾಟ್ ಕಾಮ್ ನಾನೇ ಸೇರಿಸಿದ್ದು ಎಂದು ಒಪ್ಪಿಕೊಂಡೆ. ಮ್ಯಾನೇಜರ್ ಸಿಟ್ಟು ಮಾಡಲಿಲ್ಲ. ಕುರ್ಚಿ ಎಳೆದುಕೊಟ್ಟು, ಹಾಳೆಯ ಮೇಲೆ ವಿಳಾಸ ಬರೆದು, ಕೊನೆಯ ಪದಕ್ಕೆ ಗೆರೆ ಹಾಕಿದಳು. ಕಾಮ್ ಎಂಬುದು ಸಾರ್ವಜನಿಕರದ್ದಂತೆ. ಯಾರು ಬೇಕಾದರೂ ಅದಕ್ಕೆ ಮೊದಲು ಒಂದು ಹೆಸರು ಹಾಕಿಸಿಕೊಳ್ಳಬಹುದು, ನಮ್ಮ ಕಂಪನಿಯಂತೆ ಕಾಣುವ ಹೆಸರನ್ನೂ. ಹಾಗಾಗಿ ಕಂಪನಿ ಇಂಟರ್ನೆಟ್ ಹೆಸರು ಹಂಚುವ ಸಂಸ್ಥೆಗೆ ಅರ್ಜಿ ಹಾಕಿ, ಕಾಮ್ ಇರುವ ಜಾಗಕ್ಕೆ ತನ್ನ ಹೆಸರನ್ನೇ ಪಡೆದಿದೆ. ಅಂಕೋಲೆಗೊಂದು, ಕುಮಟೆಗೊಂದು, ಹೀಗೆ ಪ್ರತಿ ಶೋರೂಮಿಗೂ ಅದರ ಊರಿನ ಹೆಸರಲ್ಲೇ ವಿಳಾಸ.

"ಕೊನೇ ಚುಕ್ಕಿ ಆದ್ಮೇಲೆ ಕಂಪನಿ ಹೆಸರು ಇದ್ರೆ ಅದು ನಮ್ದೇ, ಮಾಮಾ," ಅಂದಳು. "ಅಲ್ಲಿ ಬೇರೆಯವರು ಹೆಸರು ಹಾಕೂಕೆ ಆಗೂದಿಲ್ಲ."

ಕಂಪನಿಯ ಹೆಸರಲ್ಲಿ ಬರುವ ಸುಳ್ಳು ಮೆಸೇಜಿನ ಲಿಂಕಿನಲ್ಲೂ ಮೊದಲ ಒಂಟಿ ಓರೆಗೆರೆಯವರೆಗಿನ ಭಾಗವನ್ನು ಹೀಗೇ ಕೊನೆಯಿಂದ ನೋಡಬೇಕೆಂದು ಆ ರೈತ ಹೆಂಗಸಿಗೂ ತೋರಿಸಿದಳು. ಅವರು ಅಲ್ಲೇ ತಮ್ಮ ಮೊಬೈಲಿನಲ್ಲಿ ಸರಿಯಾದ ವಿಳಾಸ ಒತ್ತಿದರು. ಅಂಕೋಲೆ ಶೋರೂಮಿನ ಪುಟ ಬಂತು: ತೆರೆದಿರುವ ಹೊತ್ತು, ಸಿಗುವ ಬಿಡಿಭಾಗ, ಮೆಕ್ಯಾನಿಕ್ ಬರುವ ದಿನ. ನನಗಿಂತ ಚುರುಕಾಗಿ ಓದಿಕೊಂಡರು.

ವರ್ಷಗಟ್ಟಲೆ ಅಕ್ಷರಗಳ ಅಂದ ನೋಡಿದ್ದೆನೇ ಹೊರತು, ಅವು ಯಾವ ಬಾಗಿಲು ತೆರೆಯುತ್ತವೆಂದು ಯೋಚಿಸಿರಲಿಲ್ಲ. ಆ ವ್ಯವಸ್ಥೆ ಕಟ್ಟಿದವರ ಬುದ್ಧಿ ದೊಡ್ಡದೆನಿಸಿತು. ಸುಮ್ಮನಿರದೆ ಬಂದು ಹೇಳಿದ ಆ ಹೆಂಗಸಿನದು ಅದಕ್ಕಿಂತ ದೊಡ್ಡದು.

ಮಳೆ ಬಿಟ್ಟ ಎರಡು ದಿನ ನೋಡಿಕೊಂಡು ಡಾಟ್ ಕಾಮ್ ಮೇಲೆ ಬಿಳಿ ಬಣ್ಣ ಎಳೆದೆ. ಆಮೇಲೆ ಕುಮಟೆಯ ಶೋರೂಮಿನವರೂ ಕರೆದರು. ಈಗ ಯಾರ ವಿಳಾಸವೇ ಆಗಲಿ, ಬ್ರಷ್ ತೊಳೆಯುವ ಮೊದಲು ಗೋಡೆ ನೋಡಿ ಮೊಬೈಲಿನಲ್ಲಿ ಒತ್ತುತ್ತೇನೆ. ತೆರೆದರೆ ಮಾತ್ರ ಕೆಲಸ ಮುಗಿಯಿತು ಅನ್ನುತ್ತೇನೆ.