ಟ್ರ್ಯಾಕ್ಟರಿನ ಪಾಲಿಗೆ ಹೋದ ಬಾಗಿಲುಗಳು

ನಮ್ಮ ಜನರಲ್ಲಿ ಪಾಲು ಮಾಡುವುದಕ್ಕೆ ಒಂದು ಪದ್ಧತಿ ಇದೆ. ಹಿರಿಯ ಪಾಲಿನ ಗುಡ್ಡೆ ಹಾಕಬೇಕು, ಕಿರಿಯ ಮೊದಲು ಆರಿಸಬೇಕು. ಹಿರಿಯನಿಗೆ ಮೋಸ ಮಾಡಲು ಸಂದು ಸಿಗಬಾರದೆಂದು ಹಿಂದಿನವರು ಮಾಡಿದ ಏರ್ಪಾಡು ಅದು. ಅದರಲ್ಲೂ ಸಂದು ಹುಡುಕಿದ ಪುಣ್ಯಾತ್ಮ ನಾನು.

ಅಪ್ಪ ತೀರಿಕೊಂಡ ಮೇಲೆ ಹೊಲ, ದ್ರಾಕ್ಷಿ ತೋಟ ಜಗಳವಿಲ್ಲದೆ ಹಂಚಿಹೋದವು. ಉಳಿದದ್ದು ಒಂದು ಟ್ರ್ಯಾಕ್ಟರು ಮತ್ತು ಅಪ್ಪನ ತೆರೆದ ಕಾರು. ಎರಡೇ ಬಾಗಿಲಿನ, ಬಟ್ಟೆಯ ಟಾಪನ್ನು ಮಡಚಿ ಹಿಂದಕ್ಕೆ ಹಾಕುವ ಹಳೆ ಕಾರು. ತಮಿಳುನಾಡಿನ ಕಂಬಂ ಸುತ್ತಮುತ್ತ ನಮ್ಮವರ ಮದುವೆಯೆಂದರೆ ಮೆರವಣಿಗೆ ಅದರಲ್ಲೇ, ಓಡಿಸುವುದು ಅಪ್ಪನೇ. ನನಗೆ ಕಾರೇ ಬೇಕಿತ್ತು. ತಮ್ಮನ ಕಣ್ಣೂ ಅದರ ಮೇಲಿದೆ ಎಂದು ನನಗೆ ಗುಮಾನಿ. ಪಾಲಿನ ಹಿಂದಿನ ದಿನ ಸ್ಪ್ಯಾನರು ಹಿಡಿದು ಕಾರಿನ ಎರಡೂ ಬಾಗಿಲು ಬಿಚ್ಚಿ, ಟ್ರ್ಯಾಕ್ಟರಿಗೆ ಒರಗಿಸಿಟ್ಟೆ. ಬಾಗಿಲಿಲ್ಲದ ಕಾರನ್ನು ಯಾವ ದಡ್ಡ ಆರಿಸುತ್ತಾನೆ? ಟ್ರ್ಯಾಕ್ಟರು ಅವನು ತಗೊಳ್ಳಲಿ, ಬರೀ ಬಾಗಿಲು ಇಟ್ಟುಕೊಂಡು ಏನು ಮಾಡುತ್ತಾನೆ, ಕೊಟ್ಟೇ ಕೊಡುತ್ತಾನೆ. ಇಷ್ಟು ನನ್ನ ಲೆಕ್ಕಾಚಾರ.

ಊರ ಹಿರಿಯರ ಮುಂದೆ ನನ್ನ ತಮ್ಮ ಎರಡೂ ಗುಡ್ಡೆ ನೋಡಿದ. ನನ್ನನ್ನೂ ನೋಡಿದ. ಬಾಗಿಲುಗಳನ್ನು ಟ್ರೇಲರಿಗೆ ಏರಿಸಿ ಟ್ರ್ಯಾಕ್ಟರು ಓಡಿಸಿಕೊಂಡು ಹೋದ. ಹಿರಿಯರೊಬ್ಬರು ನಕ್ಕುಬಿಟ್ಟರು. ಆ ನಗು ನನಗೆ ಇವತ್ತಿಗೂ ಉರಿಯುತ್ತದೆ.

ಅವನೇ ತಂದುಕೊಡಲಿ ಎಂದು ನಾನು ಕಾದೆ. ತರಲಿಲ್ಲ. ಕಾರನ್ನು ಕೊಟ್ಟಿಗೆಯಲ್ಲಿ ನಿಲ್ಲಿಸಿ, ಜಾಗ ದಂಡವಾಗಬಾರದೆಂದು ಅದರೊಳಗೆ ಹಿಂಡಿಯ ಮೂಟೆ ಪೇರಿಸಿದೆ. ಬೇರೆ ಬಾಗಿಲು ಹುಡುಕತೊಡಗಿದೆ.

ಒಂಬತ್ತು ವರ್ಷ ಹುಡುಕಿದೆ. ದಿಂಡಿಗಲ್ಲಿನ ಗುಜರಿ ಅಂಗಡಿಗಳಲ್ಲಿ ಸಿಕ್ಕಿದ್ದೆಲ್ಲ ಅದೇ ಕಾರಿನ ನಾಲ್ಕು ಬಾಗಿಲಿನ ಮಾದರಿ. ಅದರ ಮುಂದಿನ ಬಾಗಿಲು ನಮ್ಮದಕ್ಕಿಂತ ಒಂದು ಗೇಣು ಕಿರಿದು. ಕೊಡೈಕಾನಲ್ಲಿನ ಹೋಟೆಲೊಂದರ ತೋಟದಲ್ಲಿ, ಹೂವಿನ ಕುಂಡಗಳನ್ನು ತುಂಬಿಕೊಂಡು ನಿಂತಿದ್ದ ಅದೇ ಮಾದರಿಯ, ಆದರೆ ಚಾವಣಿಯಿರುವ ಎರಡು ಬಾಗಿಲಿನ ಕಾರು ಕಂಡೆ. ಕಾಡಿಬೇಡಿ ಅದರ ಬಾಗಿಲು ತಂದು, ಮೇಲಿನ ಕಿಟಕಿ ಚೌಕಟ್ಟು ಕತ್ತರಿಸಿ ಇಟ್ಟರೆ ಮುಚ್ಚಲೇ ಇಲ್ಲ. ಬಾಗಿಲಿಗೆ ಬೈದು ಮೂಲೆಗೆ ಎಸೆದೆ. ವಿಚಾರಿಸಲು ಹೋದಲ್ಲಿ ದಿಂಡಿಗಲ್ಲಿನ ಟಿಂಕರಿಂಗ್ ಮೇಸ್ತ್ರಿ, "ಕಾರಿನ ಹುಟ್ಟುಬಾಗಿಲು ಎಲ್ಲಿ ಹೋಯ್ತು?" ಎಂದು ಕೇಳಿದಾಗ ನಿಜ ಹೇಳಲು ನಾಚಿಕೆಯಾಯಿತು. ಕಳ್ಳ ಹೊತ್ತೊಯ್ದ ಅಂದೆ.

ಈ ವರ್ಷ ಮಗಳ ಮದುವೆ ತೇನಿಯಲ್ಲಿ ನಿಶ್ಚಯವಾಯಿತು. ಅವಳಿಗೆ ತಾತನ ಕಾರಿನಲ್ಲೇ ಕೂರಬೇಕೆಂಬ ಆಸೆ. "ಚಿತ್ತಪ್ಪಾಕಿಟ್ಟ ಕೇಳುಂಗಪ್ಪಾ," ಅಂದಳು. ಚಿಕ್ಕಪ್ಪನನ್ನು ಕೇಳು ಅಂತ. ನಮ್ಮ ಕನ್ನಡ ಅವಳ ಕಿವಿಗೆ ತಿಳಿಯುತ್ತದೆ, ಬಾಯಿಗೆ ಬರುವುದು ತಮಿಳೇ. ಅವಳಿಗೋಸ್ಕರ ಹೋದೆ.

ತಮ್ಮ ತನ್ನ ಮನೆಯ ಅಟ್ಟದಿಂದ ಎರಡೂ ಬಾಗಿಲು ಇಳಿಸಿದ. ಹಳೆ ಪಂಚೆಯಲ್ಲಿ ಸುತ್ತಿದ್ದವು. ತೆಂಗಿನೆಣ್ಣೆ ಸವರಿ ಸವರಿ ಕೀಲುಗಳು ಹೊಸದರಂತೆ ಇದ್ದವು.

"ನಾ ಅವತ್ತು ಟ್ರ್ಯಾಕ್ಟ್ರೇ ಎತ್ಕೋಬೇಕಂತ ಬಂದಿದ್ದೆ, ಅಣ್ಣಾ," ಅಂದ. "ಅಪ್ಪನ್ ಕಾರು ನಿಂಗೇ ಇರ್ಲೀಂತ ಇದ್ದೆ. ಬಾಗ್ಲು ಬಿಚ್ಚಿಟ್ಟಿದ್ ಕಂಡೇ ಹೊಟ್ಟೆ ಉರೀತು. ಒಂದ್ ಮಾತು ಕೇಳಿದ್ರೆ ಅಂದೇ ಕೊಡ್ತಿದ್ದೆ."

ನಾನೇ ತೋಡಿದ ಹಳ್ಳದಲ್ಲಿ ಒಂಬತ್ತು ವರ್ಷ ಕೂತಿದ್ದೆ.

ಮರುದಿನ ಅವನೇ ಟ್ರೇಲರಿನಲ್ಲಿ ಬಾಗಿಲು ತಂದ. ದಿಂಡಿಗಲ್ಲಿನಿಂದ ಮೇಸ್ತ್ರಿಯನ್ನು ಕರೆಸಿದ್ದೆ. ಬಾಗಿಲು ಕಂಡದ್ದೇ ಆತನಿಗೆ ನನಗಿಂತ ಹೆಚ್ಚು ಖುಷಿಯಾಯಿತು.

"ತಿರುಡನ್ ಮಾಟ್ಟಿಕ್ಕಿಟ್ಟಾನಾಣ್ಣೇ?" ಅಂದ. ಕಳ್ಳ ಸಿಕ್ಕಿಬಿದ್ದನಾ ಅಂತ.

ತಮ್ಮ ಒಂದು ಬಾಗಿಲನ್ನು ಎದೆಗೆ ಆನಿಸಿಕೊಂಡು ನಿಂತಿದ್ದ. ಕೇಳಿಸಿತು ಅವನಿಗೆ. ನನ್ನ ಮುಖ ನೋಡಿದ, ಪಾಲಿನ ದಿನ ನೋಡಿದ ಹಾಗೆಯೇ. ಬಾಗಿಲು ಕೆಳಗಿಡಲಿಲ್ಲ. ಮೇಸ್ತ್ರಿ ಕೀಲು ಕೂರಿಸುವವರೆಗೂ ಭಾರ ಹೊತ್ತೇ ನಿಂತ. ಅದನ್ನು ನೋಡಿ ನನಗೆ ನಾಚಿಕೆಯಾಗಬೇಕಿತ್ತು, ಬಂದದ್ದು ಸಿಟ್ಟು.

ಕೀಲಿನ ತೂತುಗಳು ಕೂಡಿದವು. ಬಾಗಿಲು ಮಾತ್ರ ಮುಚ್ಚಲಿಲ್ಲ. ಮೇಲ್ಗಡೆ ಕಾರಿನ ಚೌಕಟ್ಟಿಗೆ ತಾಗುತ್ತಿತ್ತು, ಕೆಳಗಡೆ ಬೆರಳು ತೂರುವಷ್ಟು ಸಂದು. ಮೇಸ್ತ್ರಿ ಕಾರಿನಡಿ ತೂರಿ ನೋಡಿ ಬಂದು ತಲೆ ಆಡಿಸಿದ. ಚಾವಣಿಯಿಲ್ಲದ ಕಾರಿಗೆ ಶಕ್ತಿಯೆಲ್ಲ ತಳದಲ್ಲಿ. ಬಾಗಿಲ ಆಸರೆಯಿಲ್ಲದೆ, ತುಕ್ಕು ಹಿಡಿದ ತಳದ ಮೇಲೆ ಮೂಟೆ ಹೇರಿದ್ದಕ್ಕೆ ನಡು ಕುಸಿದಿದೆ, ಎತ್ತಲು ಹೋದರೆ ಮುರಿದೇಹೋಗುತ್ತದೆ ಅಂದ. ಕೊಡೈಕಾನಲ್ಲಿನ ಬಾಗಿಲೂ ಅಳತೆಗೆ ಸರಿಯಾಗಿಯೇ ಇತ್ತಂತೆ. ಅಳತೆ ತಪ್ಪಿದ್ದು ಕಾರೇ.

ಬಾಗಿಲುಗಳನ್ನು ತಮ್ಮ ಮತ್ತೆ ಪಂಚೆಯಲ್ಲಿ ಸುತ್ತಿದ. ನಿಧಾನವಾಗಿಯೇ ಸುತ್ತಿದ. ಇಲ್ಲೇ ಇರಲಿ ಬಿಡು ಎಂದು ನಾನು ಹೇಳುವುದಕ್ಕೆ ಬೇಕಾದಷ್ಟು ಹೊತ್ತಿತ್ತು. ಟ್ರೇಲರಿಗೆ ಏರಿಸಿದ ಮೇಲೆ ಅವನು ಮೇಸ್ತ್ರಿಗೂ ಕೇಳಿಸುವ ಹಾಗೆ ಅಂದ:

"ಪಾಲಲ್ಲಿ ಬಂದಿದ್ದು, ಅಣ್ಣಾ. ಕದ್ದಿದ್ದಲ್ಲ."

ಮಗಳ ಮೆರವಣಿಗೆ ಬಾಡಿಗೆ ಕಾರಿನಲ್ಲಿ ನಡೆಯಿತು. ಅವಳ ಚಿಕ್ಕಪ್ಪ ಮದುವೆಗೆ ಬಂದ, ಮನೆಯವನಂತೆ ಬಡಿಸಲು ನಿಲ್ಲದೆ ನೆಂಟರ ಪಂಕ್ತಿಯಲ್ಲಿ ಕೂತು ಉಂಡು ಹೋದ.