ತಕೇಜಿ ಅಜ್ಜ ಬರೆದ ಸುಳ್ಳು ಅಂಕಿ

ನಾಗಾನೊ ಸೀಮೆಯ ನಮ್ಮ ಗುಡ್ಡದೂರಿನಲ್ಲಿ ನಾನು ಹದಿನೆಂಟು ವರ್ಷ ಆರೋಗ್ಯ ಕೇಂದ್ರದ ನರ್ಸ್ ಆಗಿದ್ದೆ. ತಿಂಗಳಿಗೊಮ್ಮೆ ಮನೆಮನೆಗೆ ಹೋಗಿ ಜನ ಬರೆದಿಟ್ಟ ರಕ್ತದೊತ್ತಡ, ತೂಕ ನೋಡಿ ಬರುವುದು ನನ್ನ ಕೆಲಸ. ಬರೆಯುವವರು ಬಹಳ ಜನ ಇದ್ದರು. ಕೋಶಿಹಾರ ತಕೇಜಿ ಅಜ್ಜನ ಹಾಗೆ ಬರೆದ ಇನ್ನೊಬ್ಬರನ್ನು ಮಾತ್ರ ನಾನು ಕಾಣಲಿಲ್ಲ.

ಮೂವತ್ತೈದು ವರ್ಷ ರೈಲು ಓಡಿಸಿ ನಿವೃತ್ತರಾದವರು ಅವರು. ಎದ್ದ ಹೊತ್ತು, ತೂಕ, ನಡೆದ ಹೆಜ್ಜೆ, ಕುಡಿದ ಚಹಾ, ಸೀನಿದ ಸಲ, ಎಲ್ಲವೂ ಪುಸ್ತಕದಲ್ಲಿ ಇರಬೇಕು. ಹಿಮ ಬಿದ್ದ ದಿನ ಹೆಜ್ಜೆ ಕಮ್ಮಿಯಾದೀತೆಂದು ಪಡಸಾಲೆಯಲ್ಲೇ ಶತಪಥ ಹಾಕುತ್ತಿದ್ದರು.

"ಏನ್ರೀ, ನೆಲ ಎಷ್ಟು ಸವೀತು ಅಂತಾನೂ ಬರ್ಕೊಳ್ಳಿ!" ಎಂದು ಅವರ ಹೆಂಡತಿ ಹಿಸಾಯೊ ಅಜ್ಜಿ ಅಡುಗೆಮನೆಯಿಂದ ಕೂಗುತ್ತಿದ್ದರು.

ಸಾರಿಗೆ ಅದ್ದಿದರೆ ಶೇಕಡಾ ಎಷ್ಟು ಉಪ್ಪಿದೆ ಎಂದು ತೋರಿಸುವ ಕಡ್ಡಿಯನ್ನು ಅವರಿಗೆ ಕೊಟ್ಟವಳು ನಾನೇ. ಮೊದಮೊದಲು ಅಜ್ಜಿ ಸಿಡಿಮಿಡಿಗೊಂಡರು. "ನಲವತ್ತಾರು ವರ್ಷ ನನ್ನ ಕೈರುಚಿ ಉಂಡೋರು ಈಗ ಕಡ್ಡಿ ಮಾತು ಕೇಳ್ತಾರಂತೆ, ನೋಡಮ್ಮ!" ಆಮೇಲೆ ಅವರಿಗೂ ಅದು ಆಟವಾಯಿತು. ಸೋಯಾ ಕಾಳು ಹುದುಗಿಸಿದ ಮಿಸೊದ ಸಾರಿಗೆ ಅಜ್ಜ ಕಡ್ಡಿ ಅದ್ದುವ ಮೊದಲೇ ಅಜ್ಜಿ "ಸೊನ್ನೆ ಪಾಯಿಂಟ್ ಎಂಟು" ಎನ್ನುತ್ತಿದ್ದರು. ಹೆಚ್ಚೂಕಮ್ಮಿ ಅಷ್ಟೇ ಇರುತ್ತಿತ್ತು. ಅಜ್ಜ ರೈಲು ಓಡಿಸುವಾಗ ಸಿಗ್ನಲ್ಲಿಗೆ ಮಾಡುತ್ತಿದ್ದಂತೆ ಕಡ್ಡಿಯತ್ತ ಬೆರಳು ತೋರಿಸಿ, "ಎಂಟು, ಸರಿ!" ಎಂದು ಗಟ್ಟಿಯಾಗಿ ಹೇಳಿ ಉಣ್ಣಲು ಕೂರುತ್ತಿದ್ದರು.

ಒಂದು ಚಳಿಗಾಲ ಅಜ್ಜನ ರಕ್ತದೊತ್ತಡ ಏರತೊಡಗಿತು. ನೂರ ಇಪ್ಪತ್ತೆಂಟು ಇದ್ದದ್ದು ಮೂರು ತಿಂಗಳಲ್ಲಿ ನೂರ ಐವತ್ತೆರಡಾಯಿತು. ಪುಸ್ತಕ ತಿರುವಿದೆ. ಸಾರಿನ ಸಾಲಿನಲ್ಲಿ ದಿನವೂ 0.8. ಒಂದು ದಿನವೂ ಏಳಿಲ್ಲ, ಒಂಬತ್ತಿಲ್ಲ. ಕೈಯಲ್ಲಿ ಮಾಡಿದ ಸಾರು ಹಾಗಿರುವುದುಂಟೆ?

ಅಷ್ಟರಲ್ಲಿ ಅಜ್ಜಿ ನನಗೂ ಒಂದು ಬಟ್ಟಲು ತಂದುಕೊಟ್ಟರು. ಒಂದು ಗುಟುಕಿಗೇ ಗಂಟಲು ಹಿಡಿಯಿತು, ಅಷ್ಟು ಉಪ್ಪು. "ಚೆನ್ನಾಗಿದ್ಯೇನಮ್ಮ?" ಎಂದು ಕೇಳಿದರು. ಅವರ ಬೆನ್ನ ಹಿಂದಿನಿಂದ ಅಜ್ಜ ಹೇಳಬೇಡವೆಂಬಂತೆ ತಲೆಯಾಡಿಸಿದರು. ಕಣ್ಣು ಮುಚ್ಚಿ ಕುಡಿದೆ.

ನನ್ನನ್ನು ಕಳಿಸುವ ನೆಪದಲ್ಲಿ ಅಜ್ಜ ರಸ್ತೆಯವರೆಗೆ ಬಂದರು. ಕೋಟಿನ ಜೇಬಿನಿಂದ ಒಂದು ಚೀಟಿ ತೆಗೆದರು. ನಿಜವಾದ ಅಂಕಿಗಳು ಅದರಲ್ಲಿದ್ದವು: 1.1, 1.3, 1.6. ಪುಸ್ತಕದಲ್ಲಿ ಸುಳ್ಳು ಬರೆದರೂ ನಿಜವನ್ನು ಎಲ್ಲಾದರೂ ಬರೆಯದೆ ಇರಲು ಅವರಿಂದ ಆಗಿರಲಿಲ್ಲ.

"ಅವಳ ನಾಲಿಗೆ ಸೋಲ್ತಿದೆ ತಾಯಿ," ಎಂದರು. "ಅವಳಮ್ಮನಿಗೆ ಮರೆವು ಶುರುವಾದದ್ದೂ ಹೀಗೇ, ಸಾರಿನಿಂದ. ಹೇಳಿಬಿಟ್ರೆ ಒಲೆ ಹತ್ರ ನಿಲ್ಲೋದೇ ಬಿಡ್ತಾಳೆ."

"ಅದಕ್ಕೆ ನೀವು ಉಪ್ಪುನೀರು ಕುಡೀತಾ ಕೂತಿರೋದಾ ಅಜ್ಜ? ಮರೆವೇ ಆಗ್ಬೇಕು ಅಂತೇನಿಲ್ಲ. ಡಾಕ್ಟರ ಹತ್ರ ಹೋಗೋಣ."

ಒಳಗೆ ಹೋಗಿ ಅಜ್ಜನೇ ಹೆಂಡತಿಗೆ ಎಲ್ಲ ಹೇಳಿ ಚೀಟಿ ಕೊಟ್ಟರು. ಅಜ್ಜಿ ಚೀಟಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಸಿಟ್ಟು ಉಕ್ಕಿತು.

"ಮೂರು ತಿಂಗಳು ಬಾಯ್ಮುಚ್ಕೊಂಡು ಕುಡಿದ್ರಾ? ಏನಾದ್ರೂ ಆಗಿದ್ರೆ?"

"ನೀನು ಬೇಜಾರು ಮಾಡ್ಕೊತೀಯ ಅಂತ..."

"ಬೇಜಾರು ಮಾಡ್ಕೊಳ್ಳೋಕೆ ನೀವಿರ್ಬೇಕಲ್ರೀ ಎದುರಿಗೆ!" ಎಂದು ಏಪ್ರನ್ನಿನ ತುದಿಯಿಂದ ಕಣ್ಣೊರೆಸಿಕೊಂಡರು.

ಮರೆವಿನ ರೋಗ ಇರಲಿಲ್ಲ. ರಕ್ತದಲ್ಲಿ ಸತುವಿನ ಅಂಶ ಕಮ್ಮಿಯಾಗಿ ರುಚಿ ಕೆಟ್ಟಿದೆ ಎಂದ ಡಾಕ್ಟರು ಮಾತ್ರೆ ಬರೆದುಕೊಟ್ಟರು. ವಾಸಿಯಾಗುವವರೆಗೆ ಸಾರು ಮಾಡುವ ಹೊಣೆ ಅಜ್ಜನ ಮೇಲೆ ಬಿತ್ತು. ನೀರು ಅಳೆದು, ಮಿಸೊ ತೂಗಿ ಮಾಡುತ್ತಿದ್ದರು. ರುಚಿ ತಿಳಿಯದ ಅಜ್ಜಿ ಬಡಿಸಿದ್ದನ್ನು ಉಣ್ಣುತ್ತಿದ್ದರು.

ಚೆರ್ರಿ ಹೂಬಿಡುವ ಹೊತ್ತಿಗೆ ನಾನು ಹೋದ ದಿನ ಅಜ್ಜಿ ಬಟ್ಟಲನ್ನು ತುಟಿಗಿಟ್ಟು ಮುಖ ಕಿವಿಚಿದರು.

"ಉಪ್ಪು ಸರಿಯಿದೆ. ಆದ್ರೆ ಏನ್ ಸಾರ್ರೀ ಇದು? ಒಣಮೀನು ಹಾಕಿ ಕುದಿಸೇ ಇಲ್ವಲ್ಲ!"

ಅಜ್ಜ ಅಷ್ಟು ದಿನವೂ ಒಣಮೀನನ್ನು ಮರೆತಿದ್ದರು. ಬೈಸಿಕೊಂಡು ಅಷ್ಟು ಸಂತೋಷಪಟ್ಟ ಇನ್ನೊಬ್ಬ ಮನುಷ್ಯನನ್ನು ನಾನು ನೋಡಿಲ್ಲ. ಅಜ್ಜಿ ಅವರನ್ನು ಮೆಲ್ಲಗೆ ಪಕ್ಕಕ್ಕೆ ತಳ್ಳಿ, ಸೌಟು ಕಿತ್ತುಕೊಂಡು, ಪಾತ್ರೆಯನ್ನು ಮತ್ತೆ ಒಲೆಯ ಮೇಲಿಟ್ಟರು.